ಸಂಘದ ವೆಬ್‌ಸೈಟ್: ಮೊದಲು ಹಾಳಿ ಮೇಲೆ, ಆಮೇಲೆ ಮೊಬೈಲ್‌ನಲ್ಲಿ

‘ನಮ್ಮ ರೈತ ಸಂಘಕ್ಕೊಂದು ವೆಬ್‌ಸೈಟ್ ಮಾಡಬೇಕ್ರಿ’ ಅಂತ ಕುಂದಗೋಳದ ಯುವ ರೈತರು ಕೇಳಿದಾಗ ನಾನು ಹೇಳೋದು ಇಷ್ಟೇ: ಮೊದಲು ಹಾಳಿ, ಪೆನ್ನು ತಗೊಳ್ರಿ. ರೈತರು ಸಂಘಕ್ಕೆ ಬಂದು ಏನೇನು ಕೇಳ್ತಾರೋ ಅದನ್ನೆಲ್ಲ ಬರೀರಿ.

ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದರ ಎಷ್ಟು? ಶೆಂಗಾ ಬೀಜ ಯಾವಾಗ ಬರ್ತದ? ಉತಾರ ಎಲ್ಲಿ ತೆಗೀಬೇಕು? ಈ ಪ್ರಶ್ನೆಗಳನ್ನು ಗುಂಪು ಮಾಡಿದರೆ ಅದೇ ನಿಮ್ಮ ಮೆನು: ದರ, ಬೀಜ-ಗೊಬ್ಬರ, ಬೆಳೆವಿಮೆ, ಉತಾರ, ಸಂಪರ್ಕ. ಐದು ಸಾಕು.

ಯಾವುದು ಮೇಲೆ ಇರಬೇಕು? ತಡವಾದರೆ ನಷ್ಟ ಆಗುವಂಥದ್ದು. ವಿಮೆ ಮಾಡಿಸಿದ ಬೆಳೆ ಆಲಿಕಲ್ಲು ಮಳೆಗೆ ಹಾಳಾದರೆ 72 ಗಂಟೆಯೊಳಗೆ ತಿಳಿಸಬೇಕು. ಆ ಹೊತ್ತಿನಲ್ಲಿ ವೆಬ್‌ಸೈಟ್ ತೆಗೆದರೆ ಬರೀ ಸನ್ಮಾನದ ಫೋಟೊ ಕಂಡರೆ ಏನು ಉಪಯೋಗ? ಬೆಳೆವಿಮೆ ಸಹಾಯವಾಣಿ 14447 ಮೊದಲ ಸ್ಕ್ರೀನ್‌ನಲ್ಲೇ ಇರಲಿ, ಒತ್ತಿದ ಕೂಡಲೇ ಕಾಲ್ ಹೋಗಲಿ.

ಸರ್ಕಾರದ ‘ಭೂಮಿ’ ತಾಣ ನೋಡ್ರಿ. ಪಹಣಿಗೆ ಜಿಲ್ಲೆ, ತಾಲೂಕು, ಹೋಬಳಿ, ಹಳ್ಳಿ, ಆಮೇಲೆ ಸರ್ವೆ ನಂಬರ್ ಕೇಳ್ತದ. ದೊಡ್ಡದರಿಂದ ಸಣ್ಣದಕ್ಕೆ ಹೋಗುವ ಈ ಕ್ರಮ ಯಾರಿಗೂ ಕಲಿಸಬೇಕಾಗಿಲ್ಲ. ಆದರೆ ‘ಸರ್ನೋಕ್’ ಅನ್ನೋ ಶಬ್ದ ಬಂದಲ್ಲಿ ಹೊಸಬರು ನಿಂತುಬಿಡ್ತಾರೆ. ನಿಮ್ಮ ತಾಣದಲ್ಲಿ ಅಂಥ ಶಬ್ದ ಬಂದರೆ ಕೆಳಗೆ ಒಂದು ಸಾಲು ವಿವರಣೆ ಕೊಡ್ರಿ. ನಮ್ಮ ಮಂದಿ ಉತಾರ ಅಂತಾರೆ, ಕಾಗದದಲ್ಲಿ ಪಹಣಿ ಅಂತದ. ಮೆನುದಲ್ಲಿ ಎರಡೂ ಇರಲಿ.

ಇನ್ನು, ದರಪಟ್ಟಿಯ ಫೋಟೊ ತೆಗೆದು ಹಾಕೋ ರೂಢಿ ಬಿಡ್ರಿ. ಕಣ್ಣು ಕಾಣದವರಿಗೆ ಮೊಬೈಲ್‌ನ ಟಾಕ್‌ಬ್ಯಾಕ್ ಅಕ್ಷರ ಓದಿ ಹೇಳ್ತದ, ಆದರೆ ಫೋಟೊದೊಳಗಿನ ಅಂಕಿಯನ್ನು ಅದು ಸರಿಯಾಗಿ ಓದ್ತದ ಅಂತ ನಂಬಿ ಕೂಡೋ ಹಂಗಿಲ್ಲ. ಫೋಟೊ ಭಾರ, ನೆಟ್‌ವರ್ಕ್ ಕಡಿಮೆ ಇದ್ದಲ್ಲಿ ತೆರೆಯೋದೂ ತಡ. ಯೂನಿಕೋಡ್ ಕನ್ನಡದಲ್ಲಿ ಟೈಪ್ ಮಾಡ್ರಿ. ಹಳೇ ನುಡಿ ಫಾಂಟ್‌ನಲ್ಲಿ ಬರೆದದ್ದು ಬೇರೆಯವರ ಮೊಬೈಲ್‌ನಲ್ಲಿ ಅರ್ಥವಿಲ್ಲದ ಚಿಹ್ನೆಯಾಗಿ ಕಾಣ್ತದ. ಬಿಳಿ ಹಿನ್ನೆಲೆ, ಕಪ್ಪು ಅಕ್ಷರ, ಹೆಬ್ಬೆರಳಿಗೆ ಸಲೀಸಾಗಿ ಸಿಗುವ ಬಟನ್ ಇರಲಿ.

ಪ್ರತಿ ದರದ ಮುಂದೆ ತಾರೀಖು ಹಾಕ್ರಿ. ದಿನಾ ಬದಲಿಸೋರು ಯಾರು ಅಂತ ಮೊದಲೇ ಗೊತ್ತುಮಾಡ್ರಿ. ಹೋದ ವಾರದ ದರವನ್ನು ಇವತ್ತಿನದು ಅಂತ ನಂಬಿ ಮಾಲು ಹೇರಿಕೊಂಡು ಹೋದರೆ ಗಾಡಿ ಬಾಡಿಗೆಯೂ ಮೈಮೇಲೆ ಬರ್ತದ.

ತಾಣ ತಯಾರಾದ ಮೇಲೆ ಕಟ್ಟೆ ಮೇಲೆ ಕುಂತ ಹಿರಿಯರ ಕೈಗೆ ಮೊಬೈಲ್ ಕೊಟ್ಟು, ‘ಅಜ್ಜಾರ, ವಿಮೆ ನಂಬರ್ ಹುಡುಕ್ರಿ’ ಅನ್ರಿ. ನೀವು ಬಾಯಿ ಬಿಡದೆ ನೋಡ್ರಿ. ಅವರಿಗೆ ಸಿಗಲಿಲ್ಲ ಅಂದರೆ ತಿದ್ದಬೇಕಾದ್ದು ನಿಮ್ಮ ವೆಬ್‌ಸೈಟ್.