ಎಲೆಕ್ಟ್ರಾನಿಕ್ ನೃತ್ಯ ಸಂಗೀತ: ಮೊದಲು ಏನನ್ನು ಕೊಳ್ಳಬೇಕು?



ಕಾಲೇಜಿನ ವಾರ್ಷಿಕೋತ್ಸವದಲ್ಲಿ, ಮದುವೆಯ ಆರತಕ್ಷತೆಯಲ್ಲಿ, ಗಣೇಶನ ಮೆರವಣಿಗೆಯಲ್ಲಿ ಧ್ವನಿವರ್ಧಕದಿಂದ ಹೊರಟು ನೇರವಾಗಿ ಎದೆಗೇ ಬಡಿಯುವ ಸಂಗೀತವನ್ನು ನೀವೆಲ್ಲ ಕೇಳಿದ್ದೀರಿ. ಅಲ್ಲಿ ಡೋಲು ಬಾರಿಸುವವರು ಕಾಣುವುದಿಲ್ಲ, ತಂತಿ ಮೀಟುವವರೂ ಇರುವುದಿಲ್ಲ. ಆ ನಾದವೆಲ್ಲ ಯಂತ್ರಗಳಲ್ಲಿ, ಈಗ ಬಹುಮಟ್ಟಿಗೆ ಕಂಪ್ಯೂಟರಿನಲ್ಲಿ ಹುಟ್ಟಿದ್ದು. ಕೇಳುತ್ತಾ ಕೇಳುತ್ತಾ ನಿಮ್ಮಲ್ಲಿ ಕೆಲವರಿಗಾದರೂ 'ನಾನೂ ಇಂಥದ್ದೊಂದನ್ನು ಮಾಡಬೇಕು' ಎಂಬ ಆಸೆ ಹುಟ್ಟಿರಬಹುದು. ಬಹಳ ಒಳ್ಳೆಯ ಆಸೆ ಅದು.

ಆದರೆ ಆಸೆಯ ಬೆನ್ನಿಗೇ ಸಲಕರಣೆಗಳ ಪಟ್ಟಿಯೊಂದು ಬೆಳೆಯತೊಡಗುತ್ತದೆ. ಕೀಬೋರ್ಡ್, ಸ್ಪೀಕರ್, ಮೈಕ್, ಬಣ್ಣದ ದೀಪಗಳ ಗುಂಡಿಗಳಿರುವ ಪೆಟ್ಟಿಗೆ, ದುಬಾರಿ ತಂತ್ರಾಂಶ ಹೀಗೆ ಅದಕ್ಕೆ ಕೊನೆಯೇ ಇಲ್ಲ. ಮನೆಯವರು ಕಷ್ಟಪಟ್ಟು ಕೂಡಿಟ್ಟ ಹಣ ಖರ್ಚಾಗಿ, ಒಂದು ಹಾಡೂ ಮುಗಿಯದೆ, ಆ ವಸ್ತುಗಳೆಲ್ಲ ಮಂಚದ ಕೆಳಗೆ ಸೇರುವುದುಂಟು. ಹಾಗಾಗದಂತೆ ಆರಿಸಿಕೊಳ್ಳುವುದು ಹೇಗೆ? ಇದೇ ನಮ್ಮ ಇಂದಿನ ವಿಷಯ.

ಸೋತ ಯಂತ್ರದ ಕಥೆ

ಮೊದಲು ಸ್ವಲ್ಪ ಚರಿತ್ರೆ. 1981ರಲ್ಲಿ ಜಪಾನಿನ ರೋಲೆಂಡ್ ಕಂಪನಿ ಟಿಬಿ-303 ಎಂಬ ಪುಟ್ಟ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಒಬ್ಬನೇ ಕುಳಿತು ಗಿಟಾರ್ ಅಭ್ಯಾಸ ಮಾಡುವವನಿಗೆ ಬೇಸ್ ಗಿಟಾರಿನ ಸಾಥ್ ಕೊಡುವುದು ಅದರ ಕೆಲಸ. ಆದರೆ ಅದರ ಧ್ವನಿ ಬೇಸ್ ಗಿಟಾರಿನಂತೆ ಇರಲೇ ಇಲ್ಲ. ಕೊಳ್ಳುವವರಿಲ್ಲದೆ 1984ರ ಹೊತ್ತಿಗೆ ಅದರ ತಯಾರಿಕೆ ನಿಂತಿತು. ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಅದು ಅಗ್ಗಕ್ಕೆ ಸಿಗತೊಡಗಿತು.

ಅಮೆರಿಕದ ಷಿಕಾಗೋ ನಗರದ ಯುವಕರ ಕೈಗೆ ಅದು ಸಿಕ್ಕಿದ್ದು ಹೀಗೆ. ಗಿಟಾರನ್ನು ಅನುಕರಿಸುವ ಗೊಡವೆಗೆ ಹೋಗದೆ, ಅವರು ಯಂತ್ರದ ಗುಂಡಿಗಳನ್ನು ತಿರುಗಿಸುತ್ತಲೇ ಇದ್ದರು. ಧ್ವನಿ ನರಳಿತು, ಚೀರಿತು, ಜಾರಿತು. 1987ರಲ್ಲಿ ಫ್ಯೂಚರ್ ಎಂಬ ತಂಡ ಹೊರತಂದ 'ಆ್ಯಸಿಡ್ ಟ್ರ್ಯಾಕ್ಸ್' ಎಂಬ ಮುದ್ರಿಕೆಯಿಂದ 'ಆ್ಯಸಿಡ್ ಹೌಸ್' ಎಂಬ ಹೊಸ ಸಂಗೀತ ಪ್ರಕಾರವೇ ಹೆಸರು ಪಡೆಯಿತು.

ಇದಕ್ಕೂ ಐದು ವರ್ಷ ಮೊದಲೇ ನಮ್ಮ ದೇಶದಲ್ಲಿ ಒಂದು ಅಚ್ಚರಿ ನಡೆದಿತ್ತು. ಮುಂಬಯಿಯ ಚಲನಚಿತ್ರ ವಾದ್ಯಗೋಷ್ಠಿಗಳಲ್ಲಿ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ ಅವರು 1982ರಲ್ಲಿ ಇದೇ ಟಿಬಿ-303, ಟಿಆರ್-808 ಎಂಬ ತಾಳಯಂತ್ರ ಮತ್ತು ಜುಪಿಟರ್-8 ಎಂಬ ಸಿಂಥಸೈಜರ್ ಬಳಸಿ ಹತ್ತು ಹಿಂದೂಸ್ತಾನಿ ರಾಗಗಳನ್ನು ಡಿಸ್ಕೋ ಲಯಕ್ಕೆ ಹೊಂದಿಸಿ ಒಂದು ಧ್ವನಿಮುದ್ರಿಕೆ ಮಾಡಿದರು. ಆಗ ಅದನ್ನು ಹೆಚ್ಚು ಜನ ಗಮನಿಸಲಿಲ್ಲ. 2010ರಲ್ಲಿ ಅದು ಮತ್ತೆ ಪ್ರಕಟವಾದಾಗ ಷಿಕಾಗೋದ ಸಂಗೀತದೊಂದಿಗೆ ಅದಕ್ಕಿರುವ ಹೋಲಿಕೆ ಕಂಡು ಜಗತ್ತಿನ ಸಂಗೀತಗಾರರು ಬೆರಗಾದರು.

ಈ ಎರಡು ಪ್ರಸಂಗಗಳಿಂದ ತಿಳಿಯುವುದೇನು? ಯಂತ್ರ ಒಂದೇ ಆಗಿದ್ದರೂ ಅದನ್ನು ಹಿಡಿದ ಕೈ ಮತ್ತು ಕೇಳುವ ಕಿವಿ ಬೇರೆ. ಆದ್ದರಿಂದ ಸಲಕರಣೆಯನ್ನು ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ 'ಇದರಲ್ಲಿ ಏನೇನಿದೆ?' ಎಂಬುದಲ್ಲ, 'ನಾನು ಮಾಡುತ್ತಿರುವ ಹಾಡಿಗೆ ಇದು ಬೇಕೇ?' ಎಂಬುದು.

ಕಂಪ್ಯೂಟರ್: ಇರುವುದೇ ಸಾಕು

ನೃತ್ಯ ಸಂಗೀತ ಮಾಡಲು ನಾಲ್ಕು ಕೆಲಸಗಳಾಗಬೇಕು. ತಾಳ ಹಾಕಬೇಕು, ನಾದವನ್ನು ಹುಟ್ಟಿಸಬೇಕು, ಅವೆರಡನ್ನೂ ಕ್ರಮವಾಗಿ ಜೋಡಿಸಬೇಕು, ಕೊನೆಗೆ ಸರಿಯಾಗಿ ಕೇಳಬೇಕು. ಹಿಂದೆ ಒಂದೊಂದಕ್ಕೂ ಒಂದೊಂದು ಯಂತ್ರ ಬೇಕಿತ್ತು. ಈಗ ಮೊದಲ ಮೂರು ಕೆಲಸಗಳನ್ನೂ ಒಂದೇ ಕಂಪ್ಯೂಟರ್ ಮಾಡುತ್ತದೆ.

ಮನೆಯಲ್ಲಿ 8 ಗಿಗಾಬೈಟ್ ರ‍್ಯಾಮ್ ಇರುವ ಲ್ಯಾಪ್‌ಟಾಪ್ ಇದ್ದರೆ ಆರಂಭಕ್ಕೆ ಧಾರಾಳವಾಯಿತು. ಹಾಡು ಬೆಳೆದಂತೆ ಯಂತ್ರ ತಡವರಿಸಿದರೆ, ಮುಗಿದ ಭಾಗಗಳನ್ನು ಧ್ವನಿ ಕಡತಗಳಾಗಿ ಪರಿವರ್ತಿಸಿಕೊಳ್ಳಿ. ಆಗ ಕಂಪ್ಯೂಟರ್ ಆ ನಾದವನ್ನು ಪ್ರತಿಸಲವೂ ಹೊಸದಾಗಿ ಲೆಕ್ಕ ಹಾಕಬೇಕಿಲ್ಲ, ಕಡತವನ್ನು ನುಡಿಸಿದರೆ ಸಾಕು. ಕಂಪ್ಯೂಟರ್ ಇಲ್ಲವೇ? ಮೊಬೈಲ್ ಫೋನಿನಲ್ಲೂ ಆರಂಭಿಸಬಹುದು.

ತಂತ್ರಾಂಶ: ಒಂದನ್ನೇ ಹಿಡಿಯಿರಿ

ನಾದಗಳನ್ನು ಜೋಡಿಸುವ ತಂತ್ರಾಂಶಕ್ಕೆ 'ಡಿಜಿಟಲ್ ಆಡಿಯೋ ವರ್ಕ್‌ಸ್ಟೇಷನ್', ಚಿಕ್ಕದಾಗಿ 'ಡಿಎಡಬ್ಲ್ಯು' ಎಂದು ಹೆಸರು. ಆರಂಭಿಕರು ನೋಡಬಹುದಾದ ಕೆಲವು ಇಲ್ಲಿವೆ.

ಎಲ್‌ಎಂಎಂಎಸ್ ಎಂಬುದು ಪೂರ್ಣ ಉಚಿತ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯುತ್ತದೆ. ತಾಳ ಮತ್ತು ಸಿಂಥಸೈಜರ್ ಕೆಲಸಕ್ಕೆ ಒಳ್ಳೆಯದು, ಆದರೆ ಮೈಕಿನಿಂದ ಹಾಡು ಧ್ವನಿಮುದ್ರಿಸಲು ಹೇಳಿಮಾಡಿಸಿದ್ದಲ್ಲ. ಆ್ಯಪಲ್ ಕಂಪ್ಯೂಟರ್ ಅಥವಾ ಐಫೋನ್ ಇರುವವರಿಗೆ ಗ್ಯಾರೇಜ್‌ಬ್ಯಾಂಡ್ ಉಚಿತವಾಗಿ ದೊರೆಯುತ್ತದೆ. ಬ್ಯಾಂಡ್‌ಲ್ಯಾಬ್ ಎಂಬುದನ್ನು ಆಂಡ್ರಾಯ್ಡ್ ಫೋನಿನಲ್ಲೂ ಬಳಸಬಹುದು.

ಹಣ ಕೊಟ್ಟು ಕೊಳ್ಳುವವುಗಳಲ್ಲಿ ಬೆಲ್ಜಿಯಂ ದೇಶದ ಎಫ್‌ಎಲ್ ಸ್ಟುಡಿಯೋ ಬಹಳ ಜನಪ್ರಿಯ. 1997ರಲ್ಲಿ 'ಫ್ರೂಟಿಲೂಪ್ಸ್' ಎಂಬ ಹೆಸರಿನಿಂದ ಆರಂಭವಾದದ್ದು. ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳಿಗೆ ಮತ್ತೆ ಹಣ ಕೊಡಬೇಕಿಲ್ಲ. ಕೊಳ್ಳುವ ಮೊದಲು ಪರೀಕ್ಷಾ ಆವೃತ್ತಿಯಲ್ಲಿ ಹಾಡನ್ನು ಮಾಡಿ ಹೊರತೆಗೆಯಬಹುದು, ಆದರೆ ಉಳಿಸಿಟ್ಟ ಕೆಲಸವನ್ನು ಮತ್ತೆ ತೆರೆಯಲು ಬಿಡುವುದಿಲ್ಲ. ಬರ್ಲಿನ್ ನಗರದ ಏಬಲ್ಟನ್ ಲೈವ್ ಮೊದಲು ಬಂದದ್ದು 2001ರಲ್ಲಿ. ಚಿಕ್ಕ ಚಿಕ್ಕ ತುಣುಕುಗಳನ್ನು ಹಾಡು ನಡೆಯುತ್ತಿರುವಾಗಲೇ ಬದಲಿಸಿ ನುಡಿಸಲು ಅದು ಅನುಕೂಲ. ಅದರ 'ಲೈಟ್' ಎಂಬ ಚಿಕ್ಕ ಆವೃತ್ತಿ ಅನೇಕ ಕೀಬೋರ್ಡುಗಳ ಜೊತೆ ಉಚಿತವಾಗಿ ಬರುತ್ತದೆ. ಕೀಬೋರ್ಡ್ ಕೊಳ್ಳುವಾಗ ಡಬ್ಬದ ಮೇಲೆ ಇದನ್ನು ನೋಡಲು ಮರೆಯಬೇಡಿ.

ಬೀಗ ಮುರಿದ ಕಳ್ಳಪ್ರತಿ ಸ್ನೇಹಿತರ ಬಳಿ ಸಿಗುವುದುಂಟು. ಅದು ಕಾನೂನಿಗೆ ವಿರುದ್ಧ. ಅದರ ಜೊತೆಯಲ್ಲೇ ವೈರಸ್ ಬಂದು ಪ್ರಾಜೆಕ್ಟ್ ಕೆಲಸ, ಫೋಟೋಗಳೆಲ್ಲ ನಾಶವಾಗಬಹುದು. ಉಚಿತವಾದದ್ದೇ ಇಷ್ಟು ಚೆನ್ನಾಗಿರುವಾಗ ಆ ಅಪಾಯ ಏಕೆ?

ಯಾವುದನ್ನು ಆರಿಸಿದರೂ ಕನಿಷ್ಠ ಮೂರು ತಿಂಗಳು ಅದನ್ನೇ ಬಳಸಿ. ವಾರಕ್ಕೊಂದು ತಂತ್ರಾಂಶ ಬದಲಿಸುವವರು ಗುಂಡಿಗಳ ಜಾಗವನ್ನು ಕಲಿಯುತ್ತಾರೆಯೇ ಹೊರತು ಸಂಗೀತವನ್ನಲ್ಲ. ಹೊಸ ನಾದಗಳು ಬೇಕೆನಿಸಿದರೆ ಸರ್ಜ್ ಎಕ್ಸ್‌ಟಿ ಮತ್ತು ವೈಟಲ್ ಎಂಬ ಸಿಂಥಸೈಜರ್ ತಂತ್ರಾಂಶಗಳಿವೆ. ಮೊದಲನೆಯದು ಪೂರ್ತಿ ಉಚಿತ, ಎರಡನೆಯದಕ್ಕೆ ಉಚಿತ ಆವೃತ್ತಿ ಇದೆ.

ಹೆಡ್‌ಫೋನ್: ಮೊದಲ ಖರ್ಚು ಇದೇ ಆಗಲಿ

ಕೈಯಲ್ಲಿರುವುದು ಸ್ವಲ್ಪವೇ ಹಣವಾದರೆ ಅದನ್ನು ಒಳ್ಳೆಯ ಹೆಡ್‌ಫೋನಿಗೆ ಹಾಕಿ. ಕಾರಣವನ್ನು ನೋಡೋಣ. ನೃತ್ಯ ಸಂಗೀತದ ಜೀವಾಳ 'ಕಿಕ್' ಎಂಬ ದಪ್ಪ ಪೆಟ್ಟು. ಅದರ ಮೂಲ ಕಂಪನ ಸೆಕೆಂಡಿಗೆ 50-60ರ ಆಸುಪಾಸಿನಲ್ಲಿರುತ್ತದೆ. ಲ್ಯಾಪ್‌ಟಾಪಿನ ಅಥವಾ ಫೋನಿನ ಪುಟ್ಟ ಸ್ಪೀಕರಿಗೆ ಅಷ್ಟು ತಗ್ಗಿನ ನಾದವನ್ನು ಹೊರಡಿಸುವ ಶಕ್ತಿ ಇಲ್ಲ. ಕೇಳದ ಧ್ವನಿಯನ್ನು ತಿದ್ದುವುದು ಕತ್ತಲೆಯಲ್ಲಿ ರಂಗೋಲಿ ಹಾಕಿದಂತೆ.

ಕೊಳ್ಳುವಾಗ ಮೂರು ಅಂಶಗಳನ್ನು ಗಮನಿಸಿ. ಒಂದು, ತಂತಿ ಇರುವುದನ್ನೇ ಕೊಳ್ಳಿ. ಬ್ಲೂಟೂತ್ ಹೆಡ್‌ಫೋನಿನಲ್ಲಿ ಧ್ವನಿ ತಡವಾಗಿ ತಲುಪುವುದರಿಂದ ತಾಳಕ್ಕೆ ಸರಿಯಾಗಿ ನುಡಿಸಲು ಆಗುವುದಿಲ್ಲ. ಎರಡು, 'ಎಕ್ಸ್‌ಟ್ರಾ ಬೇಸ್' ಎಂದು ಬರೆದಿರುವುದನ್ನು ಬಿಡಿ. ಅದು ತಗ್ಗಿನ ಧ್ವನಿಯನ್ನು ಹೆಚ್ಚಿಸಿ ತೋರಿಸುತ್ತದೆ. ನೀವು ಅದನ್ನು ನಂಬಿ ಬೇಸ್ ತಗ್ಗಿಸುತ್ತೀರಿ, ಬೇರೆಡೆ ನಿಮ್ಮ ಹಾಡು ಸೊರಗಿ ಕೇಳಿಸುತ್ತದೆ. ಮೂರು, ಅದರ ಓಮ್ ಸಂಖ್ಯೆ ನೋಡಿ. 32ರಿಂದ 80 ಓಮ್ ಆದರೆ ಲ್ಯಾಪ್‌ಟಾಪಿನಿಂದಲೇ ಚೆನ್ನಾಗಿ ನುಡಿಯುತ್ತದೆ. 250 ಓಮಿನದಕ್ಕೆ ಸಾಮಾನ್ಯವಾಗಿ ಪ್ರತ್ಯೇಕ ಆಂಪ್ಲಿಫೈಯರ್ ಬೇಕಾಗುತ್ತದೆ. ಹಾಸ್ಟೆಲಿನಲ್ಲಿ ಇರುವವರಿಗೆ ಹಿಂಬದಿ ಮುಚ್ಚಿರುವ ಮಾದರಿ ಒಳ್ಳೆಯದು, ಪಕ್ಕದವರ ಓದಿಗೆ ತೊಂದರೆಯಾಗದು.

ಕೀಬೋರ್ಡ್ ಮತ್ತು ಮಿಡಿ

ಎರಡನೆಯ ಖರ್ಚು ಪುಟ್ಟ ಮಿಡಿ ಕೀಬೋರ್ಡ್. ಇದರ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ. ಇದನ್ನು ಬರಿದೇ ಒತ್ತಿದರೆ ಯಾವ ಧ್ವನಿಯೂ ಬರುವುದಿಲ್ಲ! ಮಿಡಿ ಎಂಬುದು ಧ್ವನಿಯಲ್ಲ, ಆಜ್ಞೆ. ಯಾವ ಸ್ವರ, ಎಷ್ಟು ಜೋರಾಗಿ, ಯಾವಾಗ ಒತ್ತಿದರು, ಯಾವಾಗ ಬಿಟ್ಟರು ಎಂಬ ಸಂದೇಶ ಮಾತ್ರ ಕಂಪ್ಯೂಟರಿಗೆ ಹೋಗುತ್ತದೆ. ನಾದವನ್ನು ಹುಟ್ಟಿಸುವುದು ತಂತ್ರಾಂಶದ ಕೆಲಸ. ಬೇರೆ ಬೇರೆ ಕಂಪನಿಗಳ ವಾದ್ಯಗಳು ಪರಸ್ಪರ ಮಾತಾಡಲೆಂದು 1983ರಲ್ಲಿ ಬಂದ ಈ ಒಪ್ಪಂದದ ಹಿಂದೆ ಅಮೆರಿಕದ ಡೇವ್ ಸ್ಮಿತ್ ಮತ್ತು ಜಪಾನಿನ ಇಕುತಾರೋ ಕಾಕೆಹಾಶಿ ಇದ್ದರು. ಈ ಕೆಲಸಕ್ಕಾಗಿ ಇಬ್ಬರಿಗೂ 2013ರಲ್ಲಿ ತಾಂತ್ರಿಕ ಗ್ರ್ಯಾಮಿ ಪ್ರಶಸ್ತಿ ಬಂದಿತು.

ಆರಂಭಕ್ಕೆ 25 ಕೀಲಿಗಳ, ಅಂದರೆ ಎರಡು ಸ್ಥಾಯಿಗಳ ಕೀಬೋರ್ಡ್ ಸಾಕು. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ನುಡಿಯುವ ಗುಣ ಇರಲಿ. ಹಣವಿಲ್ಲದಿದ್ದರೆ ಚಿಂತೆ ಬೇಡ. ಸ್ವರಗಳನ್ನು ಮೌಸಿನಿಂದ ಒಂದೊಂದಾಗಿ ಗುರುತಿಸಿಯೂ ಪೂರ್ಣ ಹಾಡು ಮಾಡಬಹುದು.

ಕೀಲಿ ಒತ್ತಿದ ಮೇಲೆ ಧ್ವನಿ ತಡವಾಗಿ ಬಂದರೆ ಕೀಬೋರ್ಡನ್ನು ದೂರಬೇಡಿ. ತಂತ್ರಾಂಶದಲ್ಲಿ 'ಬಫರ್' ಎಂಬ ಸಂಖ್ಯೆಯನ್ನು ನೋಡಿ. ಕಂಪ್ಯೂಟರ್ ಸೆಕೆಂಡಿಗೆ 44,100 ಧ್ವನಿ ಬಿಂದುಗಳನ್ನು ನುಡಿಸುತ್ತದೆ ಎಂದುಕೊಳ್ಳಿ. ಬಫರ್ 1,024 ಇದ್ದರೆ ಸುಮಾರು 23 ಮಿಲಿಸೆಕೆಂಡ್ ತಡ, ಅಂದರೆ ಎಂಟು ಮೀಟರ್ ದೂರದಲ್ಲಿ ನಿಂತವರ ಡೋಲನ್ನು ಕೇಳಿದ ಹಾಗೆ. ಅದನ್ನು 256ಕ್ಕೆ ಇಳಿಸಿದರೆ ತಡ 6 ಮಿಲಿಸೆಕೆಂಡಿಗಿಂತ ಕಡಿಮೆ. ತೀರ ಇಳಿಸಿದರೆ ಮಾತ್ರ ಕಂಪ್ಯೂಟರಿಗೆ ಉಸಿರಾಡಲು ಸಮಯ ಸಾಲದೆ ಧ್ವನಿ ಚಟಪಟ ಎನ್ನುತ್ತದೆ.

ಸದ್ಯಕ್ಕೆ ಬೇಡವಾದವು

ಹಾಡುವುದನ್ನು ಅಥವಾ ವೀಣೆ, ಕೊಳಲು ನುಡಿಸುವುದನ್ನು ಒಳ್ಳೆಯ ಮೈಕಿನಿಂದ ಧ್ವನಿಮುದ್ರಿಸುವ ದಿನ ಬಂದಾಗ 'ಆಡಿಯೋ ಇಂಟರ್‌ಫೇಸ್' ಎಂಬ ಪೆಟ್ಟಿಗೆ ಬೇಕಾಗುತ್ತದೆ. ಅಲ್ಲಿಯವರೆಗೆ ಬೇಡ. ದೊಡ್ಡ ಸ್ಪೀಕರುಗಳೂ ಬೇಡ. ಚಿಕ್ಕ ಕೋಣೆಯ ಗೋಡೆಗಳು ತಗ್ಗಿನ ಧ್ವನಿಯನ್ನು ಒಂದು ಮೂಲೆಯಲ್ಲಿ ಹೆಚ್ಚಿಸಿ, ಇನ್ನೊಂದು ಕಡೆ ಕುಗ್ಗಿಸಿ ದಾರಿ ತಪ್ಪಿಸುತ್ತವೆ. ಎರಡು ತಟ್ಟೆಗಳಿರುವ ಡಿಜೆ ಕಂಟ್ರೋಲರ್ ನೋಡಲು ಆಕರ್ಷಕ. ಆದರೆ ಅದು ಈಗಾಗಲೇ ಇರುವ ಹಾಡುಗಳನ್ನು ಬೆಸೆದು ನುಡಿಸಲು ಇರುವುದು, ಹಾಡನ್ನು ಕಟ್ಟಲು ಅಲ್ಲ.

ಕಿವಿ ಮತ್ತು ಹಕ್ಕು

ಕೆಟ್ಟರೆ ಮತ್ತೆ ಕೊಳ್ಳಲಾಗದ ಸಲಕರಣೆ ಒಂದೇ, ಅದು ನಿಮ್ಮ ಕಿವಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ. ಧ್ವನಿಯನ್ನು ತಗ್ಗಿಸಿಟ್ಟು ಕೆಲಸ ಮಾಡಿ, ಗಂಟೆಗೊಮ್ಮೆ ಎದ್ದು ಓಡಾಡಿ. ಕಿವಿಯಲ್ಲಿ ಗುಂಯ್‌ಗುಡುವ ಸದ್ದು ಬಂದರೆ ಅಂದಿನ ಕೆಲಸ ನಿಲ್ಲಿಸಿ. ಅದು ಹಾಗೇ ಉಳಿದರೆ ವೈದ್ಯರಿಗೆ ತೋರಿಸಿ.

ಇನ್ನೊಬ್ಬರ ಹಾಡಿನ ತುಣುಕನ್ನು ಎತ್ತಿಕೊಳ್ಳುವ ಬಗ್ಗೆಯೂ ಎಚ್ಚರ ಬೇಕು. 'ನಾಲ್ಕೇ ಸೆಕೆಂಡು ತಾನೆ' ಎಂಬ ವಿನಾಯಿತಿ ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಯಲ್ಲಿ ಇಲ್ಲ. 1969ರಲ್ಲಿ ವಿನ್‌ಸ್ಟನ್ಸ್ ತಂಡದ 'ಆಮೆನ್, ಬ್ರದರ್' ಹಾಡಿನಲ್ಲಿ ಗ್ರೆಗರಿ ಕೋಲ್‌ಮನ್ ಬಾರಿಸಿದ ಸುಮಾರು ಏಳು ಸೆಕೆಂಡುಗಳ ಡ್ರಮ್ ವಾದನ ಮುಂದೆ ಸಾವಿರಾರು ಹಾಡುಗಳಲ್ಲಿ ಬಳಕೆಯಾಯಿತು. ಬಾರಿಸಿದವನಿಗೆ ಅದರಿಂದ ಗೌರವಧನ ಬರಲಿಲ್ಲ. ಬದಲಿಗೆ ನಿಮ್ಮೂರಿನ ಸದ್ದುಗಳನ್ನೇ ಫೋನಿನಲ್ಲಿ ಹಿಡಿಯಿರಿ. ಒನಕೆಯ ಪೆಟ್ಟು, ಬಸ್ಸಿನ ಬಾಗಿಲು, ಕೊಡಕ್ಕೆ ಬೀಳುವ ನೀರು ಎಲ್ಲವೂ ತಾಳವಾದ್ಯಗಳೇ. ಅವುಗಳಿಗೆ ಯಾರ ಅನುಮತಿಯೂ ಬೇಡ.

ಮಾಡಿ ನೋಡಿ

ತಂತ್ರಾಂಶದಲ್ಲಿ ವೇಗವನ್ನು ನಿಮಿಷಕ್ಕೆ 120 ಎಣಿಕೆಗೆ ಇಡಿ. ಒಂದು ಎಣಿಕೆಗೆ ಅರ್ಧ ಸೆಕೆಂಡು. ಈಗ ಆದಿತಾಳದಂತೆ ಎಂಟು ಎಣಿಸಿ. ಪ್ರತಿ ಎಣಿಕೆಗೂ ಒಂದು ಕಿಕ್ ಹಾಕಿ. 2, 4, 6, 8ನೆಯ ಎಣಿಕೆಗಳಿಗೆ ಚಪ್ಪಾಳೆ ಸೇರಿಸಿ. ಎರಡು ಎಣಿಕೆಗಳ ನಟ್ಟನಡುವೆ ಹೈ-ಹ್ಯಾಟ್ ಎಂಬ ತಾಳದ 'ಚಿಸ್' ಸದ್ದು ಇಡಿ. ಇದೇ 'ಹೌಸ್' ಸಂಗೀತದ ಅಡಿಪಾಯ. ಇದರ ಮೇಲೆ ನಿಮಗೆ ಗೊತ್ತಿರುವ ರಾಗದ ನಾಲ್ಕೈದು ಸ್ವರಗಳನ್ನಷ್ಟೇ ಬಳಸಿ ಒಂದು ಬೇಸ್ ಸಾಲು ಕಟ್ಟಿ. ಮೋಹನ ರಾಗ ಸುಲಭ. ನಂತರ ಒಂದೊಂದೇ ವಾದ್ಯವನ್ನು ತೆಗೆಯುತ್ತಾ, ಸೇರಿಸುತ್ತಾ ಮೂರು ನಿಮಿಷಕ್ಕೆ ಬೆಳೆಸಿ.

ಹೀಗೆ ಮೂರು ಹಾಡುಗಳನ್ನು ಪೂರ್ತಿ ಮುಗಿಸಿ, ಸ್ನೇಹಿತರಿಗೆ ಕೇಳಿಸಿ. ಮುಗಿಸುವ ಹಾದಿಯಲ್ಲಿ ಎಲ್ಲಿ ತಡೆಯಾಯಿತು ಎಂಬುದನ್ನು ನೋಟ್‌ಪುಸ್ತಕದಲ್ಲಿ ಬರೆದಿಡಿ. ಮೂರು ಹಾಡುಗಳಲ್ಲೂ ಬಂದ ತಡೆ ಯಾವುದೋ, ಅದನ್ನು ನಿವಾರಿಸುವ ವಸ್ತುವೇ ನೀವು ಮುಂದೆ ಕೊಳ್ಳಬೇಕಾದದ್ದು. ಆಗ ಮನೆಯವರ ಮುಂದೆ ಪಟ್ಟಿ ಇಡುವಾಗ 'ಇದು ಏಕೆ ಬೇಕು?' ಎಂಬ ಪ್ರಶ್ನೆಗೆ ನಿಮ್ಮಲ್ಲಿ ಸರಿಯಾದ ಉತ್ತರವಿರುತ್ತದೆ, ಕೇಳಿಸಲು ಮೂರು ಹಾಡುಗಳೂ ಇರುತ್ತವೆ.