ಔಟ್‌ಬೋರ್ಡ್ ಮೋಟಾರು ಮಂದಗತಿಯಲ್ಲಿ ನಿಂತುಹೋಗುವುದೇಕೆ?

ಥಾಣೆ ನಗರದಿಂದ ಹೊರಡುವ ಘೋಡಬಂದರ್ ರಸ್ತೆಯು ಉಲ್ಹಾಸ್ ನದಿಯ ದಕ್ಷಿಣ ದಡದ ಸನಿಹದಲ್ಲಿ ಸಾಗಿ ಘೋಡಬಂದರ್ ಗ್ರಾಮವನ್ನು ತಲುಪುತ್ತದೆ. ಇಲ್ಲಿ ನದಿಯು ವಸಾಯಿ ಖಾಡಿ ಎಂಬ ವಿಶಾಲವಾದ ಅಳಿವೆಯಾಗಿ ಅರಬ್ಬೀ ಸಮುದ್ರದ ಕಡೆಗೆ ಹರಿಯುತ್ತದೆ. ಕೋಳಿ ಸಮುದಾಯದ ಮೀನುಗಾರರು ತಲೆಮಾರುಗಳಿಂದ ಇಲ್ಲಿ ದೋಣಿ ನಡೆಸುತ್ತ ಬಂದಿದ್ದಾರೆ. ಉಬ್ಬರವಿಳಿತದ ಸೆಳೆತ, ಕೆಸರಿನ ದಿಬ್ಬ ಮತ್ತು ಸೇತುವೆಯ ಕಂಬಗಳ ನಡುವೆ ದೋಣಿಯನ್ನು ನಿಧಾನವಾಗಿಯೇ ಸಾಗಿಸಬೇಕಾಗುತ್ತದೆ. ಕರ್ನಾಟಕ ಕರಾವಳಿಯ ಗಂಗೊಳ್ಳಿ, ಹೊನ್ನಾವರಗಳ ಅಳಿವೆಗಳಲ್ಲಿ ನಾಡದೋಣಿ ನಡೆಸುವವರೂ ಇದೇ ಬಗೆಯ ಎಚ್ಚರ ವಹಿಸಬೇಕು. ಇಂತಹ ಸ್ಥಳದಲ್ಲಿ ಯಂತ್ರವು ನಿಂತರೆ ದೋಣಿಯು ಅಡ್ಡಲಾಗಿ ತಿರುಗಿ ಅಲೆಗೆ ಪಕ್ಕೆಯೊಡ್ಡುತ್ತದೆ. ಮಗುಚುವ ಅಪಾಯ ಆಗಲೇ ಹೆಚ್ಚು.

ಹಳೆಯ ಮೋಟಾರುಗಳಲ್ಲಿ ಒಂದು ದೋಷ ಪದೇ ಪದೇ ಕಂಡುಬರುತ್ತದೆ. ಯಂತ್ರವು ಪೂರ್ಣವೇಗದಲ್ಲಿ ಚೆನ್ನಾಗಿ ಓಡುತ್ತದೆ, ವೇಗವನ್ನು ಇಳಿಸಿದೊಡನೆ ತಡವರಿಸಿ ನಿಲ್ಲುತ್ತದೆ. ಕಾರ್ಬುರೇಟರಿನ ರಚನೆಯನ್ನು ತಿಳಿದರೆ ಇದಕ್ಕೆ ಕಾರಣವೂ ತಿಳಿಯುತ್ತದೆ. ಹೆಚ್ಚಿನ ವೇಗದಲ್ಲಿ ಇಂಧನವು ಮುಖ್ಯ ರಂಧ್ರದ ಮೂಲಕ ಬರುತ್ತದೆ. ಮಂದಗತಿಗೆ ಬೇರೆಯೇ ಆದ, ಅತಿ ಸೂಕ್ಷ್ಮವಾದ ಮಾರ್ಗವಿದೆ. ಮುಖ್ಯ ರಂಧ್ರಕ್ಕೆ ಲೆಕ್ಕಕ್ಕೇ ಬಾರದಷ್ಟು ಕೊಳೆಯೂ ಈ ಮಾರ್ಗವನ್ನು ಮುಚ್ಚಬಲ್ಲದು.

ಯಂತ್ರವು ನಿಂತಾಗ ವೇಗದ ಸ್ಕ್ರೂವನ್ನು ಬಿಗಿಮಾಡಿ ಮಂದಗತಿಯನ್ನು ಹೆಚ್ಚಿಸುವುದು ಹಲವರ ರೂಢಿ. ಇದರಿಂದ ದೋಷವು ಮರೆಯಾಗುತ್ತದೆಯೇ ಹೊರತು ನಿವಾರಣೆಯಾಗುವುದಿಲ್ಲ. ಅಲ್ಲದೆ, ಹೆಚ್ಚಿದ ವೇಗದಲ್ಲಿ ಗೇರ್ ಹಾಕಿದಾಗ ಬೀಳುವ ಪೆಟ್ಟಿನಿಂದ ಗೇರಿನ ಹಲ್ಲುಗಳು ಸವೆಯುತ್ತವೆ. ಆದುದರಿಂದ ಸ್ಕ್ರೂ ತಿರುಗಿಸುವುದು ಕೊನೆಯ ಹೆಜ್ಜೆಯಾಗಿರಬೇಕು. ಪರೀಕ್ಷೆಯನ್ನು ಮುಂದೆ ಹೇಳಿದ ಕ್ರಮದಲ್ಲಿ ನಡೆಸುವುದು ಸೂಕ್ತ.

ಮೊದಲು ಇಂಧನ

ಟ್ಯಾಂಕಿನ ಮುಚ್ಚಳದಲ್ಲಿರುವ ಗಾಳಿಯ ತಿರುಪು ತೆರೆದಿದೆಯೇ ಎಂದು ನೋಡಬೇಕು. ಅದು ಮುಚ್ಚಿದ್ದರೆ ಟ್ಯಾಂಕಿನೊಳಗೆ ನಿರ್ವಾತವುಂಟಾಗಿ ಇಂಧನದ ಹರಿವು ನಿಲ್ಲುತ್ತದೆ. ಯಂತ್ರವು ತಡವರಿಸುವಾಗ ಕೊಳವೆಯಲ್ಲಿರುವ ರಬ್ಬರ್ ಬುರುಡೆಯನ್ನು ಕೈಯಿಂದ ಒತ್ತಬೇಕು. ಒತ್ತಿದಾಗ ಯಂತ್ರವು ಚೇತರಿಸಿಕೊಂಡರೆ, ಇಂಧನ ಪಂಪಿನ ಪೊರೆ ದುರ್ಬಲವಾಗಿದೆ ಅಥವಾ ಕೊಳವೆಯ ಜೋಡಣೆಯಲ್ಲಿ ಗಾಳಿ ಸೇರುತ್ತಿದೆ ಎಂದು ತಿಳಿಯಬಹುದು. ಬುರುಡೆಯು ತಾನಾಗಿಯೇ ಚಪ್ಪಟೆಯಾದರೆ ತಡೆಯು ಟ್ಯಾಂಕಿನ ಕಡೆಗಿದೆ.

ಈಗ ದೇಶದಲ್ಲಿ ಶೇಕಡಾ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲು ವ್ಯಾಪಕವಾಗಿ ದೊರೆಯುತ್ತದೆ. ಎಥೆನಾಲ್ ತೇವವನ್ನು ಹೀರಿಕೊಳ್ಳುವ ದ್ರವ. ನೀರಿನ ಅಂಶ ಹೆಚ್ಚಾದಾಗ ಅದು ನೀರಿನೊಡನೆ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತದೆ. ಇಂಧನದ ಕೊಳವೆ ಹೀರುವುದು ಆ ತಳದಿಂದಲೇ. ಹಳೆಯ ರಬ್ಬರ್ ಭಾಗಗಳನ್ನೂ ಎಥೆನಾಲ್ ಮೆದುಗೊಳಿಸಬಹುದು. ಮಳೆಗಾಲದ ಬಿಡುವಿನಲ್ಲಿ ಟ್ಯಾಂಕ್ ಮತ್ತು ಕಾರ್ಬುರೇಟರುಗಳಲ್ಲಿ ಇಂಧನ ಉಳಿಯದಂತೆ ಬರಿದುಮಾಡುವುದು ಅವಶ್ಯ.

ಎರಡು ಸ್ಟ್ರೋಕಿನ ಯಂತ್ರಗಳಲ್ಲಿ ಎಣ್ಣೆಯ ಪ್ರಮಾಣವೂ ಮುಖ್ಯ. 50ಕ್ಕೆ 1ರ ಮಿಶ್ರಣವೆಂದರೆ ಲೀಟರಿಗೆ 20 ಮಿಲಿಲೀಟರ್. 25ಕ್ಕೆ 1 ಎಂದರೆ 40 ಮಿಲಿಲೀಟರ್. ಎಣ್ಣೆ ಹೆಚ್ಚಾದರೆ ಪ್ಲಗ್ಗಿಗೆ ಮಸಿ ಹಿಡಿಯುತ್ತದೆ. ಕಡಿಮೆಯಾದರೆ ಪಿಸ್ಟನ್ ಬಿಗಿದುಕೊಳ್ಳುತ್ತದೆ. ತಯಾರಕರ ಕೈಪಿಡಿಯ ಪ್ರಮಾಣವನ್ನೇ ಅನುಸರಿಸಬೇಕು.

ಬಳಿಕ ಕಿಡಿ

ಪ್ಲಗ್ಗುಗಳನ್ನು ಬಿಚ್ಚಿ ಒಂದಕ್ಕೊಂದು ಹೋಲಿಸಬೇಕು. ಒಣಗಿದ, ತಿಳಿಗಂದು ಬಣ್ಣದ ಪ್ಲಗ್ಗು ಸರಿಯಾದ ದಹನವನ್ನು ಸೂಚಿಸುತ್ತದೆ. ಒಂದು ಪ್ಲಗ್ಗು ಒಣಗಿದ್ದು ಮತ್ತೊಂದು ಒದ್ದೆಯಾಗಿ ಕಪ್ಪಾಗಿದ್ದರೆ ಎರಡನೆಯ ಸಿಲಿಂಡರಿನಲ್ಲಿ ಇಂಧನವು ಉರಿಯುತ್ತಿಲ್ಲ. ಎರಡೂ ಒದ್ದೆಯಾಗಿದ್ದರೆ ಚೋಕ್ ಪೂರ್ತಿಯಾಗಿ ತೆರೆಯುತ್ತಿದೆಯೇ ಎಂದು ನೋಡಬೇಕು. ಉಪ್ಪುನೀರಿನಿಂದ ತುಕ್ಕು ಹಿಡಿದ ತಂತಿಯ ತುದಿಗಳೂ ಕಿಡಿಯನ್ನು ಕುಂದಿಸುತ್ತವೆ. ಹೊಸ ಪ್ಲಗ್ಗಿನಿಂದಲೂ ದೋಷ ಉಳಿದರೆ ಸಿಲಿಂಡರುಗಳ ಒತ್ತಡವನ್ನು ಅಳತೆ ಮಾಡಿಸಬೇಕು. ಒಂದರ ಒತ್ತಡ ಬಹಳ ಕಡಿಮೆಯಿದ್ದರೆ ಕಾರ್ಬುರೇಟರಿನ ಶುದ್ಧಿಯಿಂದ ಪ್ರಯೋಜನವಿಲ್ಲ.

ಕೊನೆಯಲ್ಲಿ ಕಾರ್ಬುರೇಟರ್

ಇಂಧನ ಮತ್ತು ಕಿಡಿ ಸರಿಯಿದ್ದರೆ ಮಾತ್ರ ಕಾರ್ಬುರೇಟರನ್ನು ಬಿಚ್ಚಬೇಕು. ಮಂದಗತಿಯ ರಂಧ್ರವನ್ನು ಶುದ್ಧಿಕಾರಕ ದ್ರವ ಮತ್ತು ಗಾಳಿಯ ಒತ್ತಡದಿಂದ ತೆರೆಯಬೇಕು. ತಂತಿಯಿಂದ ಚುಚ್ಚಿದರೆ ರಂಧ್ರದ ಅಳತೆಯೇ ಬದಲಾಗುತ್ತದೆ. ಮಿಶ್ರಣದ ಸ್ಕ್ರೂವನ್ನು ತೆಗೆಯುವ ಮೊದಲು ಅದು ಎಷ್ಟು ಸುತ್ತು ತೆರೆದಿತ್ತೆಂಬುದನ್ನು ಬರೆದಿಟ್ಟುಕೊಳ್ಳಬೇಕು. ಅಂತಿಮ ಹೊಂದಾಣಿಕೆಯನ್ನು ದೋಣಿಯನ್ನು ಧಕ್ಕೆಗೆ ಭದ್ರವಾಗಿ ಕಟ್ಟಿ, ಯಂತ್ರವು ಬಿಸಿಯಾದ ಮೇಲೆ ಮುಂದಿನ ಗೇರಿನಲ್ಲಿ ಮಾಡಬೇಕು. ಏಕೆಂದರೆ ಹೊರೆಯಿಲ್ಲದೆ ಸರಿಯಾಗಿ ಓಡುವ ಯಂತ್ರವು ಪ್ರೊಪೆಲ್ಲರಿನ ಹೊರೆ ಬಿದ್ದಾಗ ನಿಲ್ಲಬಹುದು.

ಸೀಮೆಎಣ್ಣೆಯ ಮೋಟಾರುಗಳು

ಸೀಮೆಎಣ್ಣೆಯಿಂದ ನಡೆಯುವ ಮೋಟಾರನ್ನು ಪೆಟ್ರೋಲಿನಿಂದ ಚಾಲನೆಗೊಳಿಸಿ, ಬಿಸಿಯಾದ ಬಳಿಕ ಸೀಮೆಎಣ್ಣೆಗೆ ಬದಲಿಸಲಾಗುತ್ತದೆ. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ಬದಲಿಸದಿದ್ದರೆ ಕಾರ್ಬುರೇಟರಿನಲ್ಲಿ ಸೀಮೆಎಣ್ಣೆ ಉಳಿದು ಮರುಚಾಲನೆ ಕಷ್ಟವಾಗುತ್ತದೆ. ಸೀಮೆಎಣ್ಣೆಯಲ್ಲಿ ಬಹಳ ಹೊತ್ತು ಮಂದಗತಿಯಲ್ಲಿ ಓಡಿಸಿದರೆ ಪ್ಲಗ್ಗಿಗೆ ಇಂಗಾಲ ಹಿಡಿಯುತ್ತದೆ.

ಎಚ್ಚರಿಕೆಗಳು

ಪೆಟ್ರೋಲಿನ ಆವಿಯಿರುವೆಡೆ ಕಿಡಿಯನ್ನು ಪರೀಕ್ಷಿಸಬಾರದು. ನೆಲದ ಮೇಲೆ ಪರೀಕ್ಷಿಸುವಾಗ ಮೋಟಾರಿನ ಕೆಳಭಾಗವು ನೀರು ತುಂಬಿದ ಪೀಪಾಯಿಯಲ್ಲಿ ಮುಳುಗಿರಬೇಕು. ನೀರಿಲ್ಲದೆ ಓಡಿಸಿದರೆ ತಂಪುನೀರಿನ ಪಂಪಿನ ರಬ್ಬರ್ ಚಕ್ರವು ಬಹುಬೇಗ ಹಾಳಾಗುತ್ತದೆ. ದೋಣಿಯಲ್ಲಿ ಲಂಗರು, ಹುಟ್ಟು, ಹೆಚ್ಚುವರಿ ಪ್ಲಗ್ಗು ಮತ್ತು ಎಲ್ಲರಿಗೂ ಸಾಕಾಗುವಷ್ಟು ಜೀವರಕ್ಷಕ ಅಂಗಿಗಳು ಇರಲೇಬೇಕು.

ಅಳಿವೆಯನ್ನು ಅಥವಾ ಸೇತುವೆಯನ್ನು ಸಮೀಪಿಸುವ ಮೊದಲೇ, ತೆರೆದ ಹಾಗೂ ಶಾಂತವಾದ ನೀರಿನಲ್ಲಿ ಯಂತ್ರವನ್ನು ಒಂದೆರಡು ನಿಮಿಷ ಗೇರಿನಲ್ಲಿಯೇ ಮಂದಗತಿಯಲ್ಲಿ ಓಡಿಸಿ ನೋಡುವುದು ಉತ್ತಮ ಅಭ್ಯಾಸ. ನಿಲ್ಲುವ ಯಂತ್ರವು ಅಲ್ಲಿಯೇ ನಿಂತರೆ ಲಂಗರು ಹಾಕಿ ದೋಷವನ್ನು ಹುಡುಕಲು ಸಮಯವೂ ಸ್ಥಳವೂ ದೊರೆಯುತ್ತವೆ.