ಎರಡನೇ ಸಲ ಕಂಡ ನಾಯಿ

2023ರ ಜುಲೈ 11ರಿಂದ ಆಗಸ್ಟ್ 2ರವರೆಗೆ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ನಡೆಸಿದ ಬೀದಿನಾಯಿ ಸಮೀಕ್ಷೆಯ ಫಲಿತಾಂಶ ಪ್ರಕಟವಾದಾಗ, ಎಲ್ಲರ ಗಮನವೂ ಒಂದು ಅಂಕಿಯ ಮೇಲೆ ನೆಟ್ಟಿತ್ತು: ನಗರದಲ್ಲಿ 2,79,335 ಬೀದಿನಾಯಿಗಳಿವೆ. 2019ರಲ್ಲಿ ಸುಮಾರು 3.10 ಲಕ್ಷವಿದ್ದ ಸಂಖ್ಯೆ ಇಳಿದಿತ್ತು, ಸಂತಾನಹರಣ ಶಸ್ತ್ರಚಿಕಿತ್ಸೆಯಾದ ನಾಯಿಗಳ ಪ್ರಮಾಣ ಶೇ 51.16ರಿಂದ ಶೇ 71.85ಕ್ಕೆ ಏರಿತ್ತು. ಶೆಟ್ಟಿಹಳ್ಳಿ ವಾರ್ಡನ್ನು ಒಳಗೊಂಡಿದ್ದ ದಾಸರಹಳ್ಳಿ ವಲಯದ ಪಾಲಿಗೆ ಸುಮಾರು 21 ಸಾವಿರ, ಯಲಹಂಕ ವಲಯದ ಪಾಲಿಗೆ ಸುಮಾರು 36 ಸಾವಿರ ನಾಯಿಗಳು ಬಂದಿದ್ದವು. ಈ ಅಂಕಿಗಳ ಹಿಂದೆ ಇದ್ದ ಸಲಕರಣೆ ಮಾತ್ರ ಹೆಚ್ಚು ಚರ್ಚೆಗೆ ಬರಲಿಲ್ಲ. ಮುಂಜಾನೆ ಬೀದಿಗಿಳಿದ, ಇಬ್ಬಿಬ್ಬರಂತೆ 50 ತಂಡಗಳು ತಾವು ಕಂಡ ನಾಯಿಗಳನ್ನು ದಾಖಲಿಸಿದ್ದು ವರ್ಲ್ಡ್‌ವೈಡ್ ವೆಟರಿನರಿ ಸರ್ವಿಸ್ ಎಂಬ ಪಶುವೈದ್ಯಕೀಯ ಸೇವಾಸಂಸ್ಥೆಯ ಮೊಬೈಲ್ ಆ್ಯಪ್‌ನಲ್ಲಿ. ಸಮೀಕ್ಷೆಯ ವಿಧಾನಕ್ಕೆ ನೆರವಾದದ್ದು ಯಲಹಂಕದಲ್ಲಿರುವ, ಪ್ರಾಣಿರೋಗಗಳ ಹರಡುವಿಕೆಯನ್ನು ಅಧ್ಯಯನ ಮಾಡುವ ರಾಷ್ಟ್ರೀಯ ಸಂಸ್ಥೆಯಾದ ‘ನಿವೇದಿ’ಯ ಪರಿಣತಿ.

ಆ ತಂಡಗಳು ನಗರದ ಪ್ರತಿಯೊಂದು ನಾಯಿಯನ್ನೂ ಎಣಿಸಲಿಲ್ಲ, ಎಣಿಸುವುದು ಸಾಧ್ಯವೂ ಇರಲಿಲ್ಲ. ನಗರವನ್ನು ಸಾವಿರಾರು ಸಣ್ಣ ತುಣುಕುಗಳಾಗಿ ವಿಂಗಡಿಸಿ, ಅವುಗಳಲ್ಲಿ ಸುಮಾರು ಐದನೆಯ ಒಂದು ಭಾಗವನ್ನು ಆರಿಸಿಕೊಂಡು, ಆರಿಸಿದ ಬೀದಿಗಳಲ್ಲಿ ಒಮ್ಮೆ ಓಡಾಡಿ ಕಂಡ ನಾಯಿಗಳನ್ನು ದಾಖಲಿಸಿ, ಮತ್ತೊಮ್ಮೆ ಅದೇ ಬೀದಿಗಳಿಗೆ ಹೋಗಿ, ಮೊದಲು ಕಂಡಿದ್ದ ನಾಯಿಗಳಲ್ಲಿ ಎಷ್ಟು ಮರಳಿ ಕಾಣುತ್ತವೆ ಎಂದು ನೋಡುವುದು ಈ ವಿಧಾನದ ತಿರುಳು. ‘ಕಂಡು ಮರಳಿ ಕಾಣುವ’ ಈ ಕ್ರಮವನ್ನು ಬಲ್ಲವರಿಗೆ, ಬೀದಿಪ್ರಾಣಿಗಳಿಗೂ ಆಶ್ರಯಧಾಮಗಳಿಗೂ ನೆರವಾಗಬೇಕಾದ ಆ್ಯಪ್ ಹೇಗಿರಬೇಕು ಎಂಬ ಪ್ರಶ್ನೆಗೆ ಉತ್ತರದ ಬಹುಭಾಗ ಇಲ್ಲಿಯೇ ಸಿಗುತ್ತದೆ.

ಮನೆಯ ಅಡುಗೆಕೋಣೆಯಲ್ಲೇ ಪರೀಕ್ಷಿಸಿ ನೋಡಬಹುದಾದ ಒಂದು ಲೆಕ್ಕ ಈ ವಿಧಾನವನ್ನು ಸ್ಪಷ್ಟಪಡಿಸುತ್ತದೆ. ಒಂದು ಚೀಲದ ತುಂಬ ಒಣ ಅವರೆಕಾಳಿದ್ದು, ಕಾಳು ಎಷ್ಟಿದೆ ಎಂಬುದನ್ನು ಒಂದೊಂದಾಗಿ ಎಣಿಸದೆ ತಿಳಿಯಬೇಕಾಗಿದೆ ಎಂದು ಭಾವಿಸೋಣ. ಚೀಲದಿಂದ 100 ಕಾಳು ತೆಗೆದು, ಕುಂಕುಮದ ನೀರಿನಲ್ಲಿ ಅದ್ದಿ ಒಣಗಿಸಿ, ಮರಳಿ ಚೀಲಕ್ಕೆ ಹಾಕಿ ಚೆನ್ನಾಗಿ ಕಲಸಬೇಕು. ಅನಂತರ ಕಣ್ಣುಮುಚ್ಚಿ ಮತ್ತೆ 100 ಕಾಳು ತೆಗೆಯಬೇಕು. ಎರಡನೇ ಸಲ ಬಂದ ನೂರರಲ್ಲಿ 5 ಕಾಳು ಕೆಂಪಾಗಿದ್ದರೆ, ಕೆಂಪು ಕಾಳಿನ ಪಾಲು ಇಪ್ಪತ್ತರಲ್ಲಿ ಒಂದು ಎಂದಾಯಿತು. ಚೀಲದಲ್ಲಿರುವ ಕೆಂಪು ಕಾಳು ಒಟ್ಟು 100 ಆದ್ದರಿಂದ, ಚೀಲದ ಕಾಳು ಸುಮಾರು 2,000. ಮೊದಲ ಸಲದ ಸಂಖ್ಯೆಯನ್ನು ಎರಡನೇ ಸಲದ ಸಂಖ್ಯೆಯಿಂದ ಗುಣಿಸಿ, ಎರಡು ಸಲವೂ ಸಿಕ್ಕವುಗಳ ಸಂಖ್ಯೆಯಿಂದ ಭಾಗಿಸಿದರೆ ಬರುವ ಉತ್ತರವೇ ಇದು.

ಈ ತರ್ಕದ ಇತಿಹಾಸ ನಾಯಿಗಳಿಂದ ಬಹುದೂರದಲ್ಲಿ ಆರಂಭವಾಗುತ್ತದೆ. ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ 1802ರಲ್ಲಿ, ಇಡೀ ದೇಶದ ಜನನಗಳ ದಾಖಲೆಯನ್ನೂ ಆಯ್ದ ಕೆಲವು ಪ್ರದೇಶಗಳ ಜನಗಣತಿಯನ್ನೂ ಹೊಂದಿಸಿ, ಮನೆಮನೆಗೆ ಹೋಗದೆಯೇ ಫ್ರಾನ್ಸಿನ ಜನಸಂಖ್ಯೆ ಸುಮಾರು 2.8 ಕೋಟಿ ಎಂದು ಅಂದಾಜಿಸಿದನು. ಡೆನ್ಮಾರ್ಕಿನ ಮೀನುವಿಜ್ಞಾನಿ ಪೀಟರ್ಸನ್ 1896ರ ವೇಳೆಗೆ ಚಪ್ಪಟೆ ಮೀನುಗಳಿಗೆ ಗುರುತು ಕಟ್ಟಿ ನೀರಿಗೆ ಬಿಟ್ಟು, ಮೀನುಗಾರರ ಬಲೆಗೆ ಮರಳಿ ಬಿದ್ದವುಗಳನ್ನು ಅಭ್ಯಸಿಸುತ್ತಿದ್ದನು. ಅಮೆರಿಕದ ಫ್ರೆಡರಿಕ್ ಲಿಂಕನ್ 1930ರಲ್ಲಿ ಕಾಲುಂಗುರ ತೊಡಿಸಿದ ಬಾತುಗಳನ್ನು ಆಧಾರವಾಗಿಟ್ಟುಕೊಂಡು ನೀರುಹಕ್ಕಿಗಳ ಒಟ್ಟು ಸಂಖ್ಯೆಯನ್ನು ಲೆಕ್ಕ ಹಾಕಿದನು. ಈ ಇಬ್ಬರ ಹೆಸರಿನಿಂದಲೇ ಸೂತ್ರವು ಇಂದಿಗೂ ‘ಲಿಂಕನ್–ಪೀಟರ್ಸನ್ ಅಂದಾಜು’ ಎನಿಸಿಕೊಂಡಿದೆ.

ಈ ಪರಂಪರೆಗೆ ಕರ್ನಾಟಕದ ಕೊಡುಗೆಯೂ ಸೇರಿದೆ. ನಾಗರಹೊಳೆಯಲ್ಲಿ ಹುಲಿಗಳನ್ನು ಅಧ್ಯಯನ ಮಾಡುತ್ತಿದ್ದ ಉಲ್ಲಾಸ ಕಾರಂತರು, ಹುಲಿಯನ್ನು ಹಿಡಿದು ಗುರುತು ಹಾಕಬೇಕಾಗಿಲ್ಲ, ಅದರ ಮೈಮೇಲಿನ ಪಟ್ಟೆಗಳೇ ಹುಟ್ಟುಗುರುತು ಎಂಬುದನ್ನು ಬಳಸಿಕೊಂಡು, ಕಾಡಿನ ದಾರಿಗಳಲ್ಲಿ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾಗಳನ್ನಿಟ್ಟು, ಒಂದೇ ಹುಲಿ ಎಷ್ಟು ಸಲ ಚಿತ್ರಕ್ಕೆ ಸಿಕ್ಕಿತು ಎಂಬುದರಿಂದ ಹುಲಿಗಳ ಸಂಖ್ಯೆಯನ್ನು ಅಂದಾಜಿಸುವ ವಿಧಾನವನ್ನು 1995ರಲ್ಲಿ ಪ್ರಕಟಿಸಿದರು. ಹುಲಿಯ ಎಡಮಗ್ಗುಲಿನ ಪಟ್ಟೆ ಬಲಮಗ್ಗುಲಿನ ಪಟ್ಟೆಯನ್ನು ಹೋಲುವುದಿಲ್ಲವಾದ್ದರಿಂದ ದಾರಿಯ ಎರಡೂ ಬದಿಗೆ ಕ್ಯಾಮೆರಾ ಇಡಬೇಕಾಯಿತು. ಬೀದಿನಾಯಿಯ ಮಚ್ಚೆಗಳೂ ಹೀಗೆಯೇ ಎರಡು ಮಗ್ಗುಲಲ್ಲಿ ಬೇರೆಬೇರೆಯಾಗಿರುತ್ತವೆ. ಆದುದರಿಂದ ನಾಯಿಯ ಮುಖದ ಒಂದೇ ಚಿತ್ರ ಕೇಳಿ ಸುಮ್ಮನಾಗುವ ಆ್ಯಪ್, ನಾಗರಹೊಳೆಯಲ್ಲಿ ಎಂದೋ ಕಲಿತ ಪಾಠವನ್ನು ಮರೆತಂತೆ; ಮುಖ, ಎಡಮಗ್ಗುಲು, ಬಲಮಗ್ಗುಲು ಎಂದು ಮೂರು ಚಿತ್ರ ಕೇಳುವ ಆ್ಯಪ್ ಆ ಪಾಠವನ್ನು ಉಳಿಸಿಕೊಂಡಂತೆ.

ಗುರುತಿಸುವಿಕೆಯಲ್ಲಿ ಆಗುವ ಸಣ್ಣ ತಪ್ಪು ಎಷ್ಟು ದೊಡ್ಡದಾಗಿ ಬೆಳೆಯಬಲ್ಲದು ಎಂಬುದನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು. ಹಳೆಯ ಊರೂ ಹೊಸ ಬಡಾವಣೆಗಳೂ ಒಂದರೊಳಗೊಂದು ಹೆಣೆದುಕೊಂಡಿರುವ ಶೆಟ್ಟಿಹಳ್ಳಿಯ ಕೆಲವು ಅಡ್ಡರಸ್ತೆಗಳಲ್ಲಿ ಮೊದಲ ದಿನ 40 ನಾಯಿ, ಮರುದಿನ 36 ನಾಯಿ ಕಂಡು, ಅವುಗಳಲ್ಲಿ 24 ಎರಡೂ ದಿನ ಕಂಡವಾದರೆ, ಅಲ್ಲಿರುವ ನಾಯಿಗಳು 60. ಅದೇ 24ರಲ್ಲಿ 6 ನಾಯಿಗಳನ್ನು ಆ್ಯಪ್ ಗುರುತಿಸಲಾರದೆ ಹೊಸ ನಾಯಿಗಳೆಂದು ಬಗೆದರೆ, ಉತ್ತರ 80ಕ್ಕೆ ಏರುತ್ತದೆ; ಬೇರೆಬೇರೆಯಾದ 6 ಕಂದು ನಾಯಿಗಳನ್ನು ಹಳೆಯವೇ ಎಂದು ತಪ್ಪಾಗಿ ಹೊಂದಿಸಿದರೆ, ಉತ್ತರ 48ಕ್ಕೆ ಇಳಿಯುತ್ತದೆ. ಬೀದಿಯಲ್ಲಿ ಒಂದು ನಾಯಿಯೂ ಹೆಚ್ಚು ಕಡಿಮೆಯಾಗಿರುವುದಿಲ್ಲ. ಹೀಗಿರುವಾಗ ಲಸಿಕೆಯ ಖರೀದಿ, ಶಸ್ತ್ರಚಿಕಿತ್ಸಾ ಕೇಂದ್ರದ ಗೂಡುಗಳ ಸಂಖ್ಯೆ, ನಾಯಿ ಹಿಡಿಯುವ ವಾಹನದ ಓಡಾಟ ಎಲ್ಲವೂ ಆ ಅಂದಾಜಿನ ಮೇಲೆಯೇ ನಿಂತಿರುತ್ತವೆ.

ಒಂದು ನಾಯಿಯನ್ನು ಮರಳಿ ಗುರುತಿಸಲು ಇಂದು ಮೂರು ಬಗೆಯ ಗುರುತುಗಳು ಬಳಕೆಯಲ್ಲಿವೆ. ಮೊದಲನೆಯದು ಕಿವಿಯ ತುದಿಯಲ್ಲಿ ಕತ್ತರಿಸಿದ ಕಚ್ಚು. ಶಸ್ತ್ರಚಿಕಿತ್ಸೆಯಾದ ನಾಯಿಗೆ ಇದನ್ನು ಮಾಡಿರುತ್ತಾರೆ. ದೂರದಿಂದಲೇ, ಯಾವ ಉಪಕರಣವೂ ಇಲ್ಲದೆ ಇದು ಕಾಣುತ್ತದೆ. ಆದರೆ ಅದು ‘ಶಸ್ತ್ರಚಿಕಿತ್ಸೆ ಆಗಿದೆ’ ಎಂದಷ್ಟೇ ಹೇಳಬಲ್ಲದು, ‘ಇದು ಯಾವ ನಾಯಿ’ ಎಂದು ಹೇಳಲಾರದು. ಎರಡನೆಯದು ಚರ್ಮದಡಿಗೆ ಸೂಜಿಯಿಂದ ಸೇರಿಸುವ, ಅಕ್ಕಿಕಾಳಿನ ಗಾತ್ರದ ಮೈಕ್ರೋಚಿಪ್. ಇದರೊಳಗೆ ಬ್ಯಾಟರಿ ಇರುವುದಿಲ್ಲ. ಓದುವ ಉಪಕರಣವನ್ನು ಹತ್ತಿರ ಹಿಡಿದಾಗ ಅದು ಹೊಮ್ಮಿಸುವ 134.2 ಕಿಲೋಹರ್ಟ್ಸ್ ಆವರ್ತನದ ಅಲೆಯಿಂದಲೇ ಶಕ್ತಿ ಪಡೆದು, ತನ್ನ 15 ಅಂಕಿಗಳ ಸಂಖ್ಯೆಯನ್ನು ಮರಳಿ ತಿಳಿಸುತ್ತದೆ. ಚಿಪ್ ಹಾಕಿದರೆ ನಾಯಿ ಎಲ್ಲಿದೆ ಎಂದು ಮೊಬೈಲಿನಲ್ಲಿ ನೋಡಬಹುದು ಎಂಬ ನಂಬಿಕೆ ವ್ಯಾಪಕವಾಗಿದ್ದರೂ ಅದು ತಪ್ಪು. ಚಿಪ್‌ಗೆ ಸ್ಥಳ ತಿಳಿಯುವ ಶಕ್ತಿಯಿಲ್ಲ, ಕೆಲವು ಸೆಂಟಿಮೀಟರುಗಳಾಚೆಗೆ ಅದು ಮೂಕವಾಗಿರುತ್ತದೆ, ಮತ್ತು ಆ ಸಂಖ್ಯೆಗೆ ಹೊಂದುವ ದಾಖಲೆ ಎಲ್ಲಿಯಾದರೂ ಇದ್ದರೆ ಮಾತ್ರ ಅದಕ್ಕೆ ಅರ್ಥವಿರುತ್ತದೆ.

ಮೂರನೆಯದು ಚಿತ್ರ. ನಾಯಿಯ ಚಿತ್ರವನ್ನು ನೂರಾರು ಸಂಖ್ಯೆಗಳ ಒಂದು ಸಾಲಾಗಿ ಪರಿವರ್ತಿಸಿ, ಒಂದೇ ನಾಯಿಯ ಬೇರೆಬೇರೆ ಚಿತ್ರಗಳ ಸಾಲುಗಳು ಪರಸ್ಪರ ಸಮೀಪವಿರುವಂತೆ ಕಂಪ್ಯೂಟರಿಗೆ ತರಬೇತಿ ಕೊಡುವುದು ಈಗಿನ ಕೃತಕ ಬುದ್ಧಿಮತ್ತೆಯ ಕ್ರಮ. ಮೂತಿಯ ಮೇಲಿನ ಗೆರೆಗಳಿಂದ ಪ್ರಾಣಿಯನ್ನು ಗುರುತಿಸುವ ಆಲೋಚನೆ ಇದಕ್ಕಿಂತ ಹಳೆಯದು. ಪೀಟರ್ಸನ್ ಎಂಬ ಹೆಸರಿನ ಇನ್ನೊಬ್ಬ ವಿಜ್ಞಾನಿ ಅಮೆರಿಕದಲ್ಲಿ 1922ರಷ್ಟು ಹಿಂದೆಯೇ ದನಗಳ ಮೂತಿಯ ಅಚ್ಚಿನಿಂದ ಅವುಗಳನ್ನು ಗುರುತಿಸಬಹುದೆಂದು ಬರೆದಿದ್ದನು. ಈ ತಂತ್ರಜ್ಞಾನದ ಬಗ್ಗೆ ಇಂದು ಕೇಳಿಬರುವ ಭರವಸೆಗಳನ್ನು ಮಾತ್ರ ಅಂಕಗಣಿತದ ಒರೆಗಲ್ಲಿಗೆ ಹಚ್ಚಿ ನೋಡಬೇಕು. ಎರಡು ಬೇರೆ ನಾಯಿಗಳನ್ನು ನೂರಕ್ಕೆ ಒಂದು ಸಲ ಮಾತ್ರ ತಪ್ಪಾಗಿ ‘ಒಂದೇ’ ಎನ್ನುವ ಆ್ಯಪ್ ಇದೆಯೆನ್ನೋಣ. ಅದು ಶೇ 99ರಷ್ಟು ನಿಖರವೆಂದು ಜಾಹೀರಾತಿನಲ್ಲಿ ಕಾಣಿಸಿಕೊಳ್ಳುತ್ತದೆ. ಅದಕ್ಕೆ ಒಂದು ಕಂದು ನಾಯಿಯ ಚಿತ್ರ ಕೊಟ್ಟು ನಗರದ 2,79,335 ನಾಯಿಗಳೊಡನೆ ಹೋಲಿಸಲು ಹೇಳಿದರೆ, 2,700ಕ್ಕೂ ಹೆಚ್ಚು ನಾಯಿಗಳನ್ನು ‘ಇದೇ ಇರಬಹುದು’ ಎಂದು ಮುಂದಿಡುತ್ತದೆ.

ಇದಕ್ಕೆ ಪರಿಹಾರ ಇನ್ನೂ ಶಕ್ತಿಶಾಲಿಯಾದ ಕಂಪ್ಯೂಟರಿನಲ್ಲಿ ಇರುವುದಕ್ಕಿಂತ ಹೆಚ್ಚಾಗಿ ನಾಯಿಯ ಸ್ವಭಾವದಲ್ಲಿಯೇ ಇದೆ. ಬೀದಿನಾಯಿ ತನ್ನ ಓಣಿಯನ್ನು ಬಿಟ್ಟು ದೂರ ಹೋಗುವುದು ಅಪರೂಪ. ಅನ್ನ ಹಾಕುವ ಮನೆ, ಮಾಂಸದಂಗಡಿ, ನೆರಳು, ತನ್ನ ಗುಂಪು ಇವುಗಳ ಸುತ್ತಲೇ ಅದರ ಬಾಳು. ಆ್ಯಪ್ ಚಿತ್ರದೊಡನೆ ಸ್ಥಳವನ್ನೂ ದಾಖಲಿಸಿ, ಸುತ್ತಲಿನ ಕೆಲವು ಬೀದಿಗಳ 60 ನಾಯಿಗಳೊಡನೆ ಮಾತ್ರ ಹೋಲಿಸಿದರೆ, ಅದೇ ಶೇ 1ರ ತಪ್ಪು ಒಂದು ನಾಯಿಗಿಂತಲೂ ಕಡಿಮೆಯಾಗುತ್ತದೆ, ಉಳಿದ ಸಂಶಯವನ್ನು ಆ ಬೀದಿಯಲ್ಲಿ ದಿನವೂ ಅನ್ನ ಹಾಕುವವರು ಒಂದು ನೋಟದಲ್ಲೇ ಬಗೆಹರಿಸುತ್ತಾರೆ. ದೀಪಾವಳಿಯ ಪಟಾಕಿಗೆ ಬೆದರಿ ತಪ್ಪಿಸಿಕೊಂಡ ಸಾಕುನಾಯಿಯ ವಿಷಯದಲ್ಲಿ ಮಾತ್ರ ಹುಡುಕುವ ವೃತ್ತವನ್ನು ದಿನದಿಂದ ದಿನಕ್ಕೆ ಹಿಗ್ಗಿಸುತ್ತ ಹೋಗಬೇಕಾಗುತ್ತದೆ.

ಸ್ಥಳದ ದಾಖಲೆಗೆ ಕಾನೂನಿನ ಮಹತ್ವವೂ ಇದೆ. 2023ರ ಮಾರ್ಚ್ 10ರಂದು ಅಧಿಸೂಚಿತವಾದ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ, ಶಸ್ತ್ರಚಿಕಿತ್ಸೆ ಮತ್ತು ಲಸಿಕೆಯಾದ ನಾಯಿಯನ್ನು ಹಿಡಿದ ಜಾಗದಲ್ಲಿಯೇ ಮರಳಿ ಬಿಡಬೇಕು. ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರ ಆದೇಶದಲ್ಲಿ ರೇಬಿಸ್ ತಗುಲಿದ ಅಥವಾ ಆಕ್ರಮಣಕಾರಿಯಾದ ನಾಯಿಗಳನ್ನು ಹೊರತುಪಡಿಸಿ ಇದೇ ಕ್ರಮವನ್ನು ಹೇಳಿತು. ನವೆಂಬರ್ 7ರ ಆದೇಶದಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಂಥ ಆವರಣಗಳಿಂದ ಹಿಡಿದ ನಾಯಿಗಳನ್ನು ಅಲ್ಲಿಗೇ ಬಿಡಬಾರದೆಂದಿತು. ನಾಯಿಯನ್ನು ಹಿಡಿದದ್ದು ಶಾಲೆಯ ಗೇಟಿನೊಳಗೋ ಎದುರಿನ ಅಂಗಡಿಯ ಮುಂದೋ ಎಂಬುದು ಹೀಗೆ ಅದರ ಮುಂದಿನ ಬಾಳನ್ನೇ ನಿರ್ಧರಿಸುತ್ತದೆ. ಒಂದೇ ವಾಹನದಲ್ಲಿ ಹಲವು ಬೀದಿಗಳ ನಾಯಿಗಳು ಕೇಂದ್ರಕ್ಕೆ ಬಂದಾಗ, ಯಾವುದು ಎಲ್ಲಿಯದು ಎಂಬುದನ್ನು ಹಿಡಿದವರ ನೆನಪಿಗಷ್ಟೇ ಬಿಡುವುದು ಆ ನಾಯಿಗಳಿಗೆ ಮಾಡುವ ಅನ್ಯಾಯ. ಅಪರಿಚಿತ ಬೀದಿಗೆ ಬಿಡಲಾದ ನಾಯಿ ಅಲ್ಲಿನ ಗುಂಪಿನೊಡನೆ ಕಾದಾಡುತ್ತದೆ, ಖಾಲಿಯಾದ ಅದರ ಬೀದಿಗೆ ಶಸ್ತ್ರಚಿಕಿತ್ಸೆಯಾಗದ ಹೊಸ ನಾಯಿ ಬಂದು ಸೇರುತ್ತದೆ.

ಉತ್ತರ ಬೆಂಗಳೂರಿನಲ್ಲಿ ಬೀದಿಪ್ರಾಣಿಗಳ ಆರೈಕೆಗೆ ದೀರ್ಘ ಹಿನ್ನೆಲೆಯಿದೆ. ಕ್ರಿಸ್ಟಲ್ ರಾಜರ್ಸ್ 1991ರಲ್ಲಿ ಸ್ಥಾಪಿಸಿದ ‘ಕ್ಯೂಪಾ’ ಎಂಬ ಪ್ರಾಣಿದಯಾ ಸಂಸ್ಥೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆವರಣದಲ್ಲಿ ಗಾಯಗೊಂಡ, ಅನಾಥವಾದ ಪ್ರಾಣಿಗಳ ಆರೈಕೆ ಮಾಡುತ್ತ ಬಂದಿದೆ. ಅದೇ ಕಾಲೇಜಿನ ರೇಬಿಸ್ ರೋಗನಿರ್ಣಯ ಪ್ರಯೋಗಾಲಯಕ್ಕೆ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ ಇದೆ. ಯಾವುದೇ ಆಶ್ರಯಧಾಮದ ದೊಡ್ಡ ಕೊರತೆ ಜಾಗ, ಗೂಡು ಮತ್ತು ಕೈಗಳದು. ಒಂದೇ ಗಾಯಾಳು ನಾಯಿಯ ಬಗ್ಗೆ ಹತ್ತು ಜನ ಹತ್ತು ಕರೆ ಮಾಡಿದಾಗ ಅದು ಹತ್ತು ನಾಯಿಗಳಂತೆ ತೋರಿ, ಬೇರೊಂದು ಬೀದಿಯಲ್ಲಿ ನಿಜಕ್ಕೂ ಸಾಯುತ್ತಿರುವ ನಾಯಿಗೆ ವಾಹನ ಸಿಗದೆ ಹೋಗಬಹುದು. ಸ್ಥಳ, ಸಮಯ, ಚಿತ್ರಗಳನ್ನು ಹೊಂದಿಸಿ ಆ ಹತ್ತು ಕರೆಗಳನ್ನು ಒಂದಾಗಿಸುವ ಆ್ಯಪ್ ಇರುವ ಕೈಗಳಿಗೆ ಹೆಚ್ಚಿನ ಬಲ ತುಂಬುತ್ತದೆ.

ರೇಬಿಸ್‌ನ ವಿಷಯದಲ್ಲಿ ಮರಳಿ ಗುರುತಿಸುವುದು ಪ್ರಾಣದ ಪ್ರಶ್ನೆ. ನಾಯಿ ಕಚ್ಚಿದ ಕೂಡಲೇ ಗಾಯವನ್ನು 15 ನಿಮಿಷ ಸೋಪು ಮತ್ತು ಹರಿಯುವ ನೀರಿನಿಂದ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು. ಆ್ಯಪ್ ತೆರೆದಾಗ ವರದಿಯ ನಮೂನೆಗಿಂತ ಮೊದಲು ಕಾಣಬೇಕಾದ ವಾಕ್ಯ ಇದೇ. ಅನಂತರ ಕಚ್ಚಿದ ನಾಯಿಯ ಮೇಲೆ 10 ದಿನ ಕಣ್ಣಿಡಬೇಕು, ಏಕೆಂದರೆ ಕಚ್ಚುವಾಗ ಜೊಲ್ಲಿನಲ್ಲಿ ವೈರಾಣುವಿದ್ದ ನಾಯಿ ಆ ಅವಧಿ ಮುಗಿಯುವ ಮೊದಲೇ ರೋಗಲಕ್ಷಣ ತೋರಿ ಸಾಯುತ್ತದೆ. ಹತ್ತನೆಯ ದಿನ ಆರೋಗ್ಯವಾಗಿ ಕಂಡ ನಾಯಿ ಕಚ್ಚಿದ ನಾಯಿಯೇ ಹೌದೇ ಎಂಬುದು ಖಚಿತವಿಲ್ಲದಿದ್ದರೆ, ಆ ಕಾಯುವಿಕೆಗೆ ಬೆಲೆಯಿಲ್ಲ.

ನಾಯಿಗಳಲ್ಲಿ ಶೇ 70ರಷ್ಟಕ್ಕೆ ಲಸಿಕೆಯಾದರೆ ರೇಬಿಸ್ ಸರಪಳಿ ಕಡಿಯುತ್ತದೆ ಎಂಬ ಸೂತ್ರದ ಹಿಂದೆಯೂ ಒಂದು ಲೆಕ್ಕವಿದೆ. ರೋಗ ತಗುಲಿದ ಒಂದು ನಾಯಿ ಸರಾಸರಿ ಎರಡಕ್ಕಿಂತ ಕಡಿಮೆ ನಾಯಿಗಳಿಗೆ ರೋಗ ಹರಡುವುದರಿಂದ, ಅರ್ಧದಷ್ಟಕ್ಕೆ ರಕ್ಷಣೆಯಿದ್ದರೂ ಸಾಕು. ಆದರೆ ಲಸಿಕೆಯಾದ ನಾಯಿಗಳು ಸಾಯುತ್ತ, ಹೊಸ ಮರಿಗಳು ಹುಟ್ಟುತ್ತ ರಕ್ಷಣೆಯ ಪ್ರಮಾಣ ಕರಗುವುದರಿಂದ 70ರ ಗುರಿ ಇಟ್ಟುಕೊಳ್ಳುತ್ತಾರೆ. ಆಫ್ರಿಕಾದ ಮಲಾವಿಯ ಬ್ಲಾಂಟೈರ್ ನಗರದಲ್ಲಿ 2015ರಲ್ಲಿ ಆ್ಯಪ್‌ನ ನೆರವಿನಿಂದ 20 ದಿನಗಳಲ್ಲಿ 35 ಸಾವಿರಕ್ಕೂ ಹೆಚ್ಚು ನಾಯಿಗಳಿಗೆ ಲಸಿಕೆ ಹಾಕಲಾಯಿತು. ಲಸಿಕೆಯಾದ ನಾಯಿಗೆ ಬಣ್ಣದ ಗುರುತು ಹಾಕಿ, ಬಳಿಕ ಬೀದಿ ಸುತ್ತಿ, ಗುರುತಿಲ್ಲದ ನಾಯಿಗಳು ಹೆಚ್ಚಿದ್ದ ಕಡೆಗೆ ತಂಡವನ್ನು ಮತ್ತೆ ಕಳುಹಿಸುವ ಈ ಕ್ರಮ ಅವರೆಕಾಳಿನ ಲೆಕ್ಕದ ಸಹೋದರ. ಕರ್ನಾಟಕದ ನೆರೆಯ ಗೋವಾದಲ್ಲಿ ಇಂಥದೇ ಕ್ರಮವನ್ನು ವರ್ಷದಿಂದ ವರ್ಷಕ್ಕೆ ನಡೆಸಿದ್ದರಿಂದ, 2017ರ ನಂತರ ಮನುಷ್ಯರಲ್ಲಿ ರೇಬಿಸ್ ಸಾವು ವರದಿಯಾಗದೆ, 2021ರಲ್ಲಿ ಆ ರಾಜ್ಯವನ್ನು ರೇಬಿಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಲಾಯಿತು.

ಇಂಥ ಆ್ಯಪ್ ಶೆಟ್ಟಿಹಳ್ಳಿಯಂಥ ಊರಿನಲ್ಲಿ ನಡೆಯಬೇಕಾದರೆ ಅದು ಅಲ್ಲಿನ ಮಾತಿನಲ್ಲಿರಬೇಕು. ಹಾಲಿನ ಅಂಗಡಿಯವರು, ಪೌರಕಾರ್ಮಿಕರು, ಮುಂಜಾನೆ ವಾಕಿಂಗ್ ಹೋಗುವ ಹಿರಿಯರು ಒತ್ತಬೇಕಾದ ಗುಂಡಿಗಳ ಮೇಲೆ ವೈದ್ಯಕೀಯ ಪದಗಳ ಬದಲು ‘ಕುಂಟುತ್ತಿದೆ’, ‘ಗಾಯಕ್ಕೆ ಹುಳ ಬಿದ್ದಿದೆ’, ‘ಕಜ್ಜಿಯಾಗಿದೆ’, ‘ಜೊಲ್ಲು ಸುರಿಸುತ್ತ ತೂರಾಡುತ್ತಿದೆ’ ಎಂದಿರಬೇಕು. ಕೊನೆಯದನ್ನು ಒತ್ತಿದವರಿಗೆ ‘ಹತ್ತಿರ ಹೋಗಬೇಡಿ’ ಎಂಬ ಎಚ್ಚರಿಕೆ ಕಂಡು, ವರದಿ ಉಳಿದೆಲ್ಲವನ್ನೂ ಹಿಂದಿಕ್ಕಿ ಪಾಲಿಕೆಯ ಪಶುವೈದ್ಯರಿಗೆ ತಲುಪಬೇಕು. ಸಿಗ್ನಲ್ ಇಲ್ಲದ ಕಡೆ ವರದಿ ಫೋನಿನಲ್ಲೇ ಉಳಿದು, ಸಿಗ್ನಲ್ ಸಿಕ್ಕಾಗ ತಾನಾಗಿ ಹೋಗಬೇಕು. ನಾಯಿಗಳು ಮಲಗುವ ನಿಖರ ಜಾಗವೂ ಅನ್ನ ಹಾಕುವವರ ಫೋನ್ ಸಂಖ್ಯೆಯೂ ಎಲ್ಲರಿಗೂ ಕಾಣುವಂತಿರಬಾರದು, ಏಕೆಂದರೆ ನಾಯಿಗಳಿಗೆ ವಿಷ ಹಾಕುವವರಿಗೂ ಅದೇ ನಕ್ಷೆ ದಾರಿ ತೋರಿಸುತ್ತದೆ.

ಇದೆಲ್ಲಕ್ಕೂ ಬೇಕಾದ ಮೂಲ ದಾಖಲೆ ಬಹಳ ಚಿಕ್ಕದು: ಮೂರು ಚಿತ್ರ, ಒಂದು ಸ್ಥಳ, ಒಂದು ದಿನಾಂಕ, ಕಿವಿಯಲ್ಲಿ ಕಚ್ಚು ಇದೆಯೇ ಇಲ್ಲವೇ ಎಂಬ ಒಂದು ಗುರುತು. ಒಬ್ಬರು ಇದನ್ನು ಒಮ್ಮೆ ತುಂಬಿದರೆ ಅದೊಂದು ದೂರು ಅಷ್ಟೆ. ಆರು ತಿಂಗಳ ನಂತರ ಬೇರೊಬ್ಬರು ಅದೇ ಬೀದಿಯಲ್ಲಿ ಅದೇ ನಾಯಿಯ ಚಿತ್ರ ತೆಗೆದು, ಆ್ಯಪ್ ಅದನ್ನು ಹಳೆಯ ದಾಖಲೆಗೆ ಹೊಂದಿಸಿದ ಗಳಿಗೆಯಲ್ಲಿ, ಆ ನಾಯಿ ಬದುಕಿದೆ, ಕಿವಿಯಲ್ಲಿ ಕಚ್ಚು ಕಂಡರೆ ಶಸ್ತ್ರಚಿಕಿತ್ಸೆಯಾಗಿದೆ, ತನ್ನ ಓಣಿಯಲ್ಲೇ ಇದೆ ಎಂಬ ಮೂರು ಸಂಗತಿಗಳು ಒಟ್ಟಿಗೆ ತಿಳಿಯುತ್ತವೆ.